ರೋಗವಲ್ಲದ ಗುಳ್ಳೆ, ರೋಗವಾಗುವ ಚಿಂತೆ

(ವಾರ್ಷಿಕ ದತ್ತಿ ಉಪನ್ಯಾಸದ ಪೂರ್ಣಪಾಠ)



ಜನಸಾಮಾನ್ಯರಿಗೆ ಉಪಯೋಗವಾಗುವ ಆರೋಗ್ಯದ ಒಂದು ವಿಷಯದ ಬಗ್ಗೆ ವರ್ಷಕ್ಕೊಮ್ಮೆ ಕನ್ನಡದಲ್ಲಿ ಉಪನ್ಯಾಸ ನಡೆಯಬೇಕು ಎಂಬುದು ಈ ದತ್ತಿಯ ಷರತ್ತು. ಸಂಘಟಕರು ಫೋನ್ ಮಾಡಿ ವಿಷಯ ಕೇಳಿದರು. ನಾನು ಹೇಳಿದೆ. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಆಹ್ವಾನ ಪತ್ರಿಕೆಯಲ್ಲಿ ಚರ್ಮದ ಆರೋಗ್ಯ ಅಂತ ಹಾಕ್ಲಾ ಸಾರ್?” ಎಂದರು. ಹಾಗೆಯೇ ಹಾಕಿದ್ದಾರೆ. ತಪ್ಪೇನಿಲ್ಲ, ನಾನು ಮಾತಾಡಲಿರುವುದು ಚರ್ಮದ ಬಗ್ಗೆಯೇ. ಜನನಾಂಗದ ಚರ್ಮದ ಮೇಲೆ ಕಾಣುವ, ಯಾವ ಅಪಾಯವೂ ಇಲ್ಲದ ಸಣ್ಣ ಸಣ್ಣ ಗುಳ್ಳೆಗಳ ಬಗ್ಗೆ. ಅವುಗಳಿಂದ ಹುಟ್ಟುವ, ಅಷ್ಟೇನೂ ಸಣ್ಣದಲ್ಲದ ಭಯದ ಬಗ್ಗೆ.

ಇಂಥ ವಿಷಯಕ್ಕೆ ಒಂದು ಗಂಟೆ ಬೇಕೇ ಎಂದು ಹಿರಿಯರು ಕೇಳಬಹುದು. ಚರ್ಮರೋಗ ವಿಭಾಗದ ಹೊರರೋಗಿ ಕೊಠಡಿಯಲ್ಲಿ ಕುಳಿತವರನ್ನು ಕೇಳಿ, ಉತ್ತರ ಸಿಗುತ್ತದೆ. ಕಾಲೇಜು ಹುಡುಗನೊಬ್ಬ ಬರುತ್ತಾನೆ. ತಲೆಯಲ್ಲಿ ಹೊಟ್ಟು ಎನ್ನುತ್ತಾನೆ. ನೋಡಿ, ಶಾಂಪೂ ಬರೆದು, ಚೀಟಿ ಕೈಗೆ ಕೊಟ್ಟರೂ ಏಳುವುದಿಲ್ಲ. ಕೊನೆಗೆ ಎದ್ದು ಬಾಗಿಲ ಹತ್ತಿರ ಹೋಗಿ, ಹೊರಗೆ ಯಾರಾದರೂ ಕೇಳಿಸಿಕೊಳ್ಳುತ್ತಾರೇನೋ ಎಂದು ನೋಡಿ, “ಇನ್ನೊಂದಿತ್ತು ಸಾರ್” ಎನ್ನುತ್ತಾನೆ. ಆ ಇನ್ನೊಂದಕ್ಕಾಗಿಯೇ ಅವನು ಕ್ಲಾಸು ತಪ್ಪಿಸಿ ಬಸ್ಸು ಹತ್ತಿ ಬಂದಿರುತ್ತಾನೆ. ಎಷ್ಟು ದಿನದಿಂದ ಎಂದು ಕೇಳಿದರೆ ಎರಡು ವರ್ಷ ಎನ್ನುವವರಿದ್ದಾರೆ. ಆ ಎರಡು ವರ್ಷ ಅವನು ಏನೇನು ಯೋಚಿಸಿದ, ಏನೇನು ಹಚ್ಚಿದ, ಯಾರು ಯಾರಿಂದ ದೂರ ಉಳಿದ ಎಂಬುದೇ ಇವತ್ತಿನ ವಿಷಯ.

ಚರ್ಮದಲ್ಲಿ ಇರುವುದೇನು

ಮೊದಲು ಅಂಗರಚನೆ. ನಮ್ಮ ಚರ್ಮದಲ್ಲಿ ಕೂದಲ ಬುಡ ಇರುವೆಡೆಯಲ್ಲೆಲ್ಲ ಅದಕ್ಕೆ ಅಂಟಿಕೊಂಡ ಒಂದು ಎಣ್ಣೆ ಗ್ರಂಥಿ ಇರುತ್ತದೆ. ಆ ಗ್ರಂಥಿಯ ಎಣ್ಣೆ ಕೂದಲ ರಂಧ್ರದ ಮೂಲಕ ಹೊರಬರುತ್ತದೆ. ಕೆಲವು ಜಾಗಗಳಲ್ಲಿ ಮಾತ್ರ ಕೂದಲಿಲ್ಲದೆಯೇ ಎಣ್ಣೆ ಗ್ರಂಥಿ ನೇರವಾಗಿ ಮೇಲ್ಮೈಗೆ ತೆರೆದುಕೊಂಡಿರುತ್ತದೆ: ತುಟಿಯ ಅಂಚು, ಕೆನ್ನೆಯ ಒಳಭಾಗ, ಶಿಶ್ನದ ಚರ್ಮ, ಯೋನಿದ್ವಾರದ ಒಳತುಟಿ. ಅಲ್ಲಿ ಚರ್ಮ ತೆಳು, ಹೀಗಾಗಿ ಗ್ರಂಥಿ ಹಳದಿ ಬಿಳುಪಿನ ಚುಕ್ಕೆಯಾಗಿ ಹೊರಗೇ ಕಾಣುತ್ತದೆ. ಒಂದೊಂದು ಚುಕ್ಕೆ ಒಂದರಿಂದ ಮೂರು ಮಿಲಿಮೀಟರ್. ಚರ್ಮವನ್ನು ಎಳೆದು ಹಿಡಿದರೆ ಎದ್ದು ಕಾಣುತ್ತದೆ, ಬಿಟ್ಟರೆ ಮರೆಯಾಗುತ್ತದೆ. ನೋವಿಲ್ಲ, ತುರಿಕೆಯಿಲ್ಲ, ಕೀವಿಲ್ಲ.

ಇವುಗಳಿಗೆ ಫೋರ್ಡೈಸ್ ಚುಕ್ಕೆ ಎಂದು ಹೆಸರು. ಜಾನ್ ಅಡಿಸನ್ ಫೋರ್ಡೈಸ್ ನ್ಯೂಯಾರ್ಕಿನ ಚರ್ಮವೈದ್ಯ. 1896ರಲ್ಲಿ ತುಟಿ ಮತ್ತು ಬಾಯಿಯ ಒಳಗಿನ ಈ ಚುಕ್ಕೆಗಳನ್ನು ವಿವರಿಸಿ ಬರೆದರು. ದೊಡ್ಡವರಲ್ಲಿ ನೂರಕ್ಕೆ ಎಪ್ಪತ್ತು ಎಂಬತ್ತು ಜನರ ಬಾಯಲ್ಲಿ ಇವು ಇರುತ್ತವೆ ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ಹುಟ್ಟುವಾಗಲೇ ಇರುವ ಗ್ರಂಥಿಗಳು ಹರೆಯದ ಹಾರ್ಮೋನು ಏರಿದಾಗ ದಪ್ಪಗಾಗಿ ಕಣ್ಣಿಗೆ ಬೀಳತೊಡಗುತ್ತವೆ. ಅದಕ್ಕೇ ಹದಿನೈದು ಹದಿನಾರರ ಹುಡುಗ, “ಮೊದಲು ಇರಲಿಲ್ಲ, ಈಗ ಬಂದಿದೆ” ಎನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಮೀಸೆಯೂ ಮೊದಲು ಇರಲಿಲ್ಲ.

ಎರಡನೆಯದು ಗಂಡಸರಲ್ಲಿ ಮಾತ್ರ ಕಾಣುವಂಥದ್ದು. ಶಿಶ್ನದ ತಲೆಯ ಹಿಂಬದಿಯ ಅಂಚಿನ ಸುತ್ತ, ಒಂದೋ ಎರಡೋ ಸಾಲಾಗಿ ಚಿಕ್ಕ ಚಿಕ್ಕ ಉಬ್ಬುಗಳು ನಿಂತಿರುತ್ತವೆ. ಬಣ್ಣ ಚರ್ಮದ್ದೇ, ಸ್ವಲ್ಪ ಹೊಳಪು. ಗಾತ್ರ ಸುಮಾರು ಒಂದರಿಂದ ಎರಡು ಮಿಲಿಮೀಟರ್. ಎಲ್ಲವೂ ಒಂದೇ ಅಳತೆ, ಒಂದೇ ಆಕಾರ, ಸಾಲು ತಪ್ಪುವುದಿಲ್ಲ. ಹೊಳಪಿನಿಂದಾಗಿ ಇವುಗಳನ್ನು ಮುತ್ತುಗುಳ್ಳೆ ಎಂದು ಕರೆಯೋಣ. ಹಿಂದಿನ ಅಂಗರಚನಾ ತಜ್ಞರು ಇವುಗಳನ್ನೂ ಗ್ರಂಥಿಗಳೆಂದೇ ತಿಳಿದಿದ್ದರು. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಗ್ರಂಥಿ ಕಾಣುವುದಿಲ್ಲ. ನಾರಿನಂಥ ಅಂಗಾಂಶ, ನಡುವೆ ಸಣ್ಣ ರಕ್ತನಾಳಗಳು, ಅಷ್ಟೇ. ಬೇರೆ ಬೇರೆ ಅಧ್ಯಯನಗಳ ಪ್ರಕಾರ ನೂರರಲ್ಲಿ ಹದಿನಾಲ್ಕರಿಂದ ನಲವತ್ತೆಂಟು ಗಂಡಸರಲ್ಲಿ ಇವು ಇರುತ್ತವೆ. ಹರೆಯದಲ್ಲಿ ಕಾಣಿಸಿಕೊಂಡು ವಯಸ್ಸಾದಂತೆ ಮಾಸುತ್ತವೆ. ಅಂಟುವುದಿಲ್ಲ. ಸ್ವಚ್ಛತೆಗೂ ಇವಕ್ಕೂ ಸಂಬಂಧವಿಲ್ಲ. ಹಸ್ತಮೈಥುನದಿಂದ ಬರುವುದಿಲ್ಲ, ಅದನ್ನು ಬಿಟ್ಟರೆ ಹೋಗುವುದೂ ಇಲ್ಲ.

ಹೆಂಗಸರಲ್ಲಿಯೂ ಇದಕ್ಕೆ ಸಮನಾದದ್ದು ಇದೆ. ಯೋನಿದ್ವಾರದ ಒಳಬದಿಯಲ್ಲಿ ಎರಡೂ ಪಕ್ಕ ಮೃದುವಾದ, ನಸುಗೆಂಪು ಬಣ್ಣದ ಸಣ್ಣ ಕುಚ್ಚುಗಳಂಥ ಉಬ್ಬುಗಳು. ಒಂದು ಕಾಲದಲ್ಲಿ ವೈದ್ಯರೇ ಇವನ್ನು ವೈರಸ್ಸಿನ ನರೂಲಿಗಳೆಂದು ಭಾವಿಸಿ ಸುಟ್ಟು ತೆಗೆದದ್ದುಂಟು. ಆಮೇಲಿನ ಪರೀಕ್ಷೆಗಳಿಂದ ಇದು ಸಹಜ ರಚನೆಯ ಒಂದು ಬಗೆ ಎಂದು ತಿಳಿಯಿತು. ಗುರುತು ಹಿಡಿಯುವ ಉಪಾಯ ಸರಳ. ಈ ಉಬ್ಬುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಬುಡ ಇರುತ್ತದೆ, ಎಡಬಲ ಒಂದೇ ರೀತಿ ಇರುತ್ತದೆ. ನರೂಲಿಗಳಾದರೆ ಹಲವು ತುದಿ ಒಂದೇ ಬುಡದಿಂದ ಏಳುತ್ತವೆ, ಎಲ್ಲೆಂದರಲ್ಲಿ ಅಡ್ಡಾದಿಡ್ಡಿ ಬೆಳೆಯುತ್ತವೆ.

ಇನ್ನು ಬೇಗ ಹೇಳಿ ಮುಗಿಸಬಹುದಾದವು ಕೆಲವಿವೆ. ವೃಷಣ ಚೀಲದ ಮೇಲೆ ನಡುವಯಸ್ಸು ದಾಟಿದವರಲ್ಲಿ ಕಡುಗೆಂಪು, ನೇರಳೆ ಚುಕ್ಕೆಗಳು ಏಳುತ್ತವೆ. ಇವು ಹಿಗ್ಗಿದ ಸಣ್ಣ ರಕ್ತನಾಳಗಳು. ಇವನ್ನೂ ಅದೇ ಫೋರ್ಡೈಸ್, ಅದೇ 1896ರಲ್ಲಿ ವಿವರಿಸಿದರು. ಕೆರೆದರೆ ರಕ್ತ ಬರುತ್ತದೆ, ಅದರಿಂದ ಕ್ಯಾನ್ಸರ್ ಎಂದು ಹೆದರುತ್ತಾರೆ, ಕ್ಯಾನ್ಸರ್ ಅಲ್ಲ. ವೃಷಣ ಚೀಲದಲ್ಲೇ ಬಿಳಿಯ ಗಟ್ಟಿ ಗಂಟುಗಳು ಹಲವರಿಗೆ ಇರುತ್ತವೆ. ಚರ್ಮದ ಹೊಟ್ಟು ಒಳಗೇ ಶೇಖರವಾದ ಚೀಲಗಳು ಅವು, ಕೆಲವು ವರ್ಷಗಳಲ್ಲಿ ಸುಣ್ಣಗಟ್ಟುತ್ತವೆ. ತೊಂದರೆಯಾದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬಹುದು, ಇಲ್ಲವಾದರೆ ಬಿಡಬಹುದು. ರೇಜರ್ ಆಡಿಸಿದ ಎರಡು ಮೂರು ದಿನಕ್ಕೆ ಏಳುವ ಕೆಂಪು ಗುಳ್ಳೆ ಕೂದಲ ಬುಡದ ಉರಿಯೂತ ಅಥವಾ ಒಳಮುಖವಾಗಿ ಬೆಳೆದ ಕೂದಲು. ಅದಕ್ಕೆ ಮದ್ದು ರೇಜರನ್ನು ಕೆಳಗಿಡುವುದು. ಕತ್ತರಿಯಲ್ಲಿ ಗಿಡ್ಡ ಮಾಡಿಕೊಂಡರೆ ಸಾಕು.

ಹಾಗಾದರೆ ರೋಗದ ಗುಳ್ಳೆ ಹೇಗಿರುತ್ತದೆ

ಎಲ್ಲ ಗುಳ್ಳೆಯೂ ನಿರುಪದ್ರವಿ ಎಂದು ಹೇಳಿ ನಿಮ್ಮನ್ನು ಮನೆಗೆ ಕಳಿಸಿದರೆ ನಾನು ಕೆಲಸಗೇಡಿ ವೈದ್ಯನಾಗುತ್ತೇನೆ. ರೋಗದವನ್ನೂ ತಿಳಿದಿರಬೇಕು.

ನರೂಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಎಂದರೆ ಎಚ್‌ಪಿವಿಯಿಂದ ಬರುವಂಥದ್ದು. ಜನನಾಂಗದ ನರೂಲಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೆ ಆ ವೈರಸ್ಸಿನ 6 ಮತ್ತು 11ನೇ ಬಗೆಗಳು ಕಾರಣ. ಮೇಲ್ಮೈ ಒರಟು, ಬೆಳೆದರೆ ಹೂಕೋಸಿನ ತುಣುಕಿನಂತೆ ಕಾಣುತ್ತದೆ. ವಾರಗಳಲ್ಲಿ ಸಂಖ್ಯೆ ಹೆಚ್ಚಬಹುದು. ಅಂಟುತ್ತದೆ, ಚಿಕಿತ್ಸೆಯಿದೆ. ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣವಾದ 16 ಮತ್ತು 18 ಬೇರೆ ಬಗೆಗಳು. ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ಸರ್ವಾವ್ಯಾಕ್ ಲಸಿಕೆ ಈ ನಾಲ್ಕೂ ಬಗೆಗಳಿಂದ ರಕ್ಷಣೆ ಕೊಡುತ್ತದೆ. ಹೆಣ್ಣುಮಕ್ಕಳ ತಂದೆತಾಯಂದಿರು ಈ ಸಭೆಯಲ್ಲಿದ್ದೀರಿ, ಮನೆಗೆ ಹೋದ ಮೇಲೆ ನಿಮ್ಮ ವೈದ್ಯರಲ್ಲಿ ಈ ಲಸಿಕೆಯ ಬಗ್ಗೆ ವಿಚಾರಿಸಿ. ವೈರಸ್ಸಿನ ಸಂಪರ್ಕಕ್ಕೆ ಬರುವ ಮೊದಲೇ ಹಾಕಿಸಿದರೆ ಅದರಿಂದ ಹೆಚ್ಚಿನ ಪ್ರಯೋಜನ.

ಮೊಲಸ್ಕಮ್ ಎಂಬುದು ಇನ್ನೊಂದು ವೈರಸ್ಸಿನದು. ನುಣುಪಾದ ಗುಂಡು ಗುಳ್ಳೆ, ನಡುವೆ ಒಂದು ತಗ್ಗು. ಮಕ್ಕಳ ಮುಖ, ಮೈಮೇಲೆ ಸಾಮಾನ್ಯ. ದೊಡ್ಡವರಲ್ಲಿ ಜನನಾಂಗದ ಸುತ್ತ. ಬಹುತೇಕ ತಾನಾಗಿ ಹೋಗುತ್ತದೆ.

ಹಾಸ್ಟೆಲುಗಳಲ್ಲಿ ಇರುವವರು ಮರೆಯಬಾರದ್ದು ಕಜ್ಜಿ. ವೃಷಣ ಚೀಲ, ಶಿಶ್ನದ ಮೇಲೆ ತುರಿಸುವ ಗಂಟುಗಳು, ರಾತ್ರಿ ಹೆಚ್ಚಾಗುವ ತುರಿಕೆ, ಬೆರಳ ಸಂದಿಯಲ್ಲಿ ಗುಳ್ಳೆ, ಪಕ್ಕದ ಮಂಚದವನಿಗೂ ತುರಿಕೆ. ಇದೊಂದು ಹುಳದ ಕೆಲಸ. ಪರ್ಮೆಥ್ರಿನ್ ಮುಲಾಮನ್ನು ಕೊಠಡಿಯವರೆಲ್ಲ ಒಟ್ಟಿಗೇ ಕತ್ತಿನಿಂದ ಕೆಳಗೆ ಹಚ್ಚಿಕೊಳ್ಳಬೇಕು. ಒಬ್ಬನೇ ಹಚ್ಚಿಕೊಂಡರೆ ಹುಳ ಮಂಚದಿಂದ ಮಂಚಕ್ಕೆ ಸುತ್ತುತ್ತಲೇ ಇರುತ್ತದೆ.

ಸಿಫಿಲಿಸ್ ಹೆಸರು ಕೇಳಿದರೆ ಎಲ್ಲರಿಗೂ ಹೆದರಿಕೆ. ಅದರ ಮೊದಲ ಗುರುತು ಸಾಮಾನ್ಯವಾಗಿ ಒಂದೇ ಒಂದು, ಬುಡ ಗಟ್ಟಿಯಾದ, ನೋವಿಲ್ಲದ ಹುಣ್ಣು. ಸಂಪರ್ಕವಾದ 9ರಿಂದ 90 ದಿನಗಳೊಳಗೆ, ಸರಾಸರಿ ಮೂರು ವಾರಕ್ಕೆ ಕಾಣುತ್ತದೆ. ಔಷಧಿ ಇಲ್ಲದೆಯೇ ಕೆಲವು ವಾರಗಳಲ್ಲಿ ಮಾಯುತ್ತದೆ, ಅದೇ ಅದರ ಮೋಸ. ರೋಗ ಒಳಗೆ ಉಳಿದಿರುತ್ತದೆ. ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ, ಆರಂಭದ ಹಂತದಲ್ಲಿ ಪೆನ್ಸಿಲಿನ್ನಿನ ಒಂದು ಸಲದ ಇಂಜೆಕ್ಷನ್ನಿಗೆ ಬಗ್ಗುತ್ತದೆ. ಹರ್ಪಿಸ್ ಆದರೆ ಗೊಂಚಲು ಗೊಂಚಲಾಗಿ ನೀರುಗುಳ್ಳೆ, ಉರಿ, ನೋವು.

ಇಷ್ಟರಿಂದ ಒಂದು ಸಣ್ಣ ಲೆಕ್ಕ ತೆಗೆಯಬಹುದು. ಒಡೆದು ಹುಣ್ಣಾದದ್ದು, ನೀರು ತುಂಬಿದ್ದು, ಕೀವು ಅಥವಾ ಸ್ರಾವ ಇರುವುದು, ವಾರದಿಂದ ವಾರಕ್ಕೆ ಬೆಳೆಯುತ್ತಿರುವುದು, ತುರಿಸುವುದು, ರಕ್ತ ಒಸರುವುದು, ತೊಡೆಸಂದಿಯಲ್ಲಿ ಗಂಟು ಊದಿಕೊಂಡಿರುವುದು, ಐವತ್ತು ದಾಟಿದವರಲ್ಲಿ ಮಾಯದೆ ಉಳಿದ ಹುಣ್ಣು: ಇವಿಷ್ಟರಲ್ಲಿ ಒಂದಿದ್ದರೂ ತಡ ಮಾಡದೆ ತೋರಿಸಿ. ವರ್ಷಗಟ್ಟಲೆ ಹಾಗೇ ಇರುವುದು, ಎಡಬಲ ಒಂದೇ ತರಹ ಇರುವುದು, ನೋವು ತುರಿಕೆ ಇಲ್ಲದ್ದು ಬಹಳ ಮಟ್ಟಿಗೆ ನಿಮ್ಮ ಚರ್ಮದ್ದೇ ಭಾಗ. ಸಂಶಯ ಉಳಿದರೆ ಅದನ್ನೂ ಒಮ್ಮೆ ತೋರಿಸಿ. ಪರಿಣತ ಕಣ್ಣಿಗೆ ಒಂದು ನಿಮಿಷದ ಕೆಲಸ. ಬೇಕಾದರೆ ಡರ್ಮೋಸ್ಕೋಪ್ ಎಂಬ ಬೆಳಕಿರುವ ಭೂತಗನ್ನಡಿ ಇದೆ. ಚರ್ಮ ಕತ್ತರಿಸಿ ಪರೀಕ್ಷೆಗೆ ಕಳಿಸಬೇಕಾದ ಪ್ರಸಂಗ ತೀರ ಅಪರೂಪ.

ಭಯ ಬರುವ ದಾರಿ

ಕರಾವಳಿಯ ಯುವಕನೊಬ್ಬ ಗಲ್ಫಿಗೆ ಹೊರಟಿದ್ದ. ವೀಸಾಕ್ಕೆ ಮುಂಚೆ ವೈದ್ಯಕೀಯ ಪರೀಕ್ಷೆ ಕಡ್ಡಾಯ, ಅದರಲ್ಲಿ ಎಚ್‌ಐವಿ, ಸಿಫಿಲಿಸ್ ರಕ್ತಪರೀಕ್ಷೆಗಳಿರುತ್ತವೆ. ತನ್ನ ಮೈಮೇಲಿನ ಗುಳ್ಳೆ ಕಂಡು ತನ್ನನ್ನು ಅನ್‌ಫಿಟ್ ಮಾಡುತ್ತಾರೆ ಎಂದು ಅವನು ಪರೀಕ್ಷೆಯ ದಿನಾಂಕವನ್ನೇ ಮುಂದೂಡುತ್ತ ಬಂದಿದ್ದ. ಏಜೆಂಟ್ ಬೈಯುತ್ತಿದ್ದ, ಮನೆಯವರಿಗೆ ಕಾರಣ ಗೊತ್ತಿಲ್ಲ. ನೋಡಿದೆ. ಫೋರ್ಡೈಸ್ ಚುಕ್ಕೆ. ಮಾತಿನಲ್ಲಿ ಹೇಳಿದರೆ ನಂಬುವ ಸ್ಥಿತಿಯಲ್ಲಿ ಅವನಿರಲಿಲ್ಲ. ಕೈಗನ್ನಡಿ ಕೊಟ್ಟು ಮೇಲ್ದುಟಿಯನ್ನು ಎಳೆದು ಹಿಡಿಯಲು ಹೇಳಿದೆ. ತುಟಿಯ ಅಂಚಿನುದ್ದಕ್ಕೂ ಅವೇ ಹಳದಿ ಚುಕ್ಕೆಗಳು. ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ನೋಡಿಕೊಂಡ. “ಇದು ಚಿಕ್ಕಂದಿನಿಂದ ಇದೆ ಸಾರ್, ನಮ್ಮ ಅಪ್ಪನಿಗೂ ಇದೆ” ಎಂದ. “ಅದೇ ಇದು” ಎಂದೆ. ತುಟಿಯ ಮೇಲಿದ್ದಾಗ ವರ್ಷಗಟ್ಟಲೆ ಗಮನಕ್ಕೇ ಬಾರದ ಚುಕ್ಕೆ, ಸೊಂಟದ ಕೆಳಗಿದ್ದಾಗ ಮಹಾರೋಗವಾಗಿತ್ತು.

ಈ ವ್ಯತ್ಯಾಸ ಎಲ್ಲಿಂದ ಬಂತು? ಮೊದಲನೆಯದು, ಆ ಜಾಗದಲ್ಲಿ ಏನಾದರೂ ಕಂಡರೆ ಅದು ಮಾಡಿದ ತಪ್ಪಿಗೆ ಬಂದ ಶಿಕ್ಷೆ ಎಂದು ನಮ್ಮ ಮನಸ್ಸು ಕೂಡಲೇ ತೀರ್ಪು ಕೊಡುತ್ತದೆ. ಯಾರೊಂದಿಗೂ ಸಂಬಂಧವೇ ಇಲ್ಲದ ಹುಡುಗನೂ ಹಸ್ತಮೈಥುನದ ಪಾಪಭಯದಲ್ಲಿ ತನ್ನನ್ನು ತಾನೇ ಅಪರಾಧಿ ಮಾಡಿಕೊಂಡಿರುತ್ತಾನೆ. ಧಾತು ನಷ್ಟವಾಗಿ ಶಕ್ತಿ ಸೋರಿಹೋಗುತ್ತದೆ ಎಂಬ ನಂಬಿಕೆಯಿಂದ ಬಳಲುವ ಯುವಕರನ್ನು ಗಮನಿಸಿ, ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಗುಳ್ಳೆಯ ಭಯ ಬಹಳ ಸಲ ಅದೇ ನಂಬಿಕೆಯ ಬೆನ್ನಿಗೆ ಬರುತ್ತದೆ.

ಎರಡನೆಯದು, ಆ ಭಯದ ಮೇಲೆ ವ್ಯಾಪಾರ ನಡೆಸುವವರು. ಬಸ್ ನಿಲ್ದಾಣದ ಮೂತ್ರಾಲಯದ ಗೋಡೆ, ರೈಲು ಹಳಿಯ ಪಕ್ಕದ ಕಾಂಪೌಂಡು, ಈಗ ಮೊಬೈಲ್ ಪರದೆ. ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ, ಲಾಡ್ಜಿನ ಇಂಥ ರೂಮಿನಲ್ಲಿ ಇಂಥ ವಾರ. ಲೈಂಗಿಕ ರೋಗಗಳಿಗೆ ಔಷಧಿ ಇದೆಯೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯಿದೆ ನಿಷೇಧಿಸಿದೆ. ಕಾಯಿದೆಗೆ ಎಪ್ಪತ್ತು ದಾಟಿತು, ಗೋಡೆಗೆ ಬಣ್ಣ ಮಾತ್ರ ವರ್ಷ ವರ್ಷ ಹೊಸದಾಗುತ್ತಿದೆ. ಅಲ್ಲಿಗೆ ಹೋದ ಹುಡುಗನಿಗೆ ರೋಗವಿಲ್ಲ ಎಂಬ ಉತ್ತರ ಸಿಗುವುದೇ ಇಲ್ಲ. ಅವನಿಗೆ ಸಿಗುವುದು ಸಾವಿರಾರು ರೂಪಾಯಿಯ ಲೇಹ್ಯ ಮತ್ತು ಬಲವಾದ ಇನ್ನೊಂದು ಹೆದರಿಕೆ.

ಮೂರನೆಯದು, ಸರಿಯಾದ ಮಾತನ್ನು ಸರಿಯಾದ ವಯಸ್ಸಿನಲ್ಲಿ ಹೇಳದಿರುವುದು. 2007ರ ಸುಮಾರಿಗೆ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕೊಡಲು ಹೊರಟಾಗ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ವಿರೋಧ ಎದ್ದು ಕಾರ್ಯಕ್ರಮ ಕುಂಟಿತು. ಪಾಠ ನಿಂತರೂ ಕಲಿಯುವುದು ನಿಲ್ಲಲಿಲ್ಲ. ಮಕ್ಕಳು ಅಶ್ಲೀಲ ವಿಡಿಯೋಗಳಿಂದ ಕಲಿತರು. ಅವುಗಳಲ್ಲಿ ಕಾಣುವ ಬೋಳಿಸಿದ, ಬೆಳಕು ಹಾಯಿಸಿದ, ಆಯ್ದ ದೇಹಗಳೇ ಅಳತೆಗೋಲಾದವು. ಆ ಅಳತೆಗೆ ಹಿಡಿದರೆ ಸಹಜವಾದ ಯಾವ ಚರ್ಮವೂ ಪಾಸಾಗುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಬೇಕಾದ ಭಾಷೆ ಇರಲಿಲ್ಲವೆಂದೇನೂ ಅಲ್ಲ. ಡಾ. ಅನುಪಮಾ ನಿರಂಜನ ಅವರು ದಾಂಪತ್ಯ, ಬಸಿರು, ಬಾಣಂತನದ ಬಗ್ಗೆ ಮುಜುಗರವಿಲ್ಲದ ಗದ್ಯದಲ್ಲಿ ಬರೆದರು. ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳನ್ನು ಹಳ್ಳಿಯ ಓದುಗರಿಗೂ ಮುಟ್ಟಿಸಿದರು. ಆ ದಾರಿಯಲ್ಲಿ ಮುಂದೆ ನಡೆಯುವವರ ಸಂಖ್ಯೆ ಇನ್ನೂ ಹೆಚ್ಚಬೇಕಿದೆ.

ಹೆಂಗಸರ ಪಾಲಿಗೆ ಈ ಭಯದ ಬೆಲೆ ಇನ್ನೂ ಹೆಚ್ಚು. ಹೊಸದಾಗಿ ಮದುವೆಯಾದ ಗಂಡ ಹೆಂಡತಿಯ ಮೈಮೇಲೆ ತನಗೆ ಅರ್ಥವಾಗದ ಉಬ್ಬೊಂದನ್ನು ಕಂಡು ಅನುಮಾನಪಟ್ಟರೆ, ಹುಟ್ಟಿನಿಂದ ಬಂದ ಅಂಗರಚನೆ ಅವಳ ನಡತೆಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಅವಳು ಯಾರನ್ನು ಕೇಳಬೇಕು? ಅತ್ತೆಯನ್ನೇ? ತವರಿಗೆ ಹೇಳಿದರೆ ಅಮ್ಮ ಹೆದರುತ್ತಾಳೆ. ಇಲ್ಲಿ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು: ಅದು ನಿಜವಾಗಿ ನರೂಲಿಯೇ ಆಗಿದ್ದರೂ ಯಾರ ದ್ರೋಹಕ್ಕೂ ಪುರಾವೆಯಲ್ಲ. ಎಚ್‌ಪಿವಿ ಗುಳ್ಳೆ ಎಬ್ಬಿಸದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಚರ್ಮದಲ್ಲಿ ಅಡಗಿರಬಲ್ಲದು. ಯಾರಿಂದ ಯಾರಿಗೆ, ಯಾವಾಗ ಬಂತೆಂದು ಗುಳ್ಳೆ ನೋಡಿ ಹೇಳಲು ಯಾವ ವೈದ್ಯರಿಗೂ ಆಗುವುದಿಲ್ಲ.

ಮದ್ದೇ ಗಾಯವಾದಾಗ

ನಿರುಪದ್ರವಿ ಗುಳ್ಳೆಯಿಂದ ಯಾರೂ ಆಸ್ಪತ್ರೆ ಸೇರಿದ್ದಿಲ್ಲ. ಅದಕ್ಕೆ ಮಾಡಿಕೊಂಡ ಮದ್ದಿನಿಂದ ಸೇರಿದ್ದಾರೆ. ಅರೆದ ಬೆಳ್ಳುಳ್ಳಿಯನ್ನು ಕಟ್ಟಿ ರಾತ್ರಿಯಿಡೀ ಬಿಟ್ಟವರ ಚರ್ಮ ಸುಟ್ಟಿರುತ್ತದೆ. ನರೂಲಿ ಉದುರಿಸಲು ಸುಣ್ಣ, ಸೋಡಾ ಹಚ್ಚುವುದು, ಗೇರುಬೀಜದ ಸಿಪ್ಪೆಯ ಎಣ್ಣೆ ಮುಟ್ಟಿಸುವುದು ಹಳೆಯ ರೂಢಿ. ಅಂಗಾಲಿನ ದಪ್ಪ ಚರ್ಮ ತಡೆದುಕೊಂಡೀತು, ಜನನಾಂಗದ ಚರ್ಮಕ್ಕೆ ಅದು ಆಸಿಡ್ಡಿನ ಕೆಲಸ ಮಾಡುತ್ತದೆ. ಕೆಲವರು ಉಗುರಿನಿಂದ ಹಿಚುಕುತ್ತಾರೆ, ಉಗುರುಕಟ್ಟರಿನಿಂದ ಕತ್ತರಿಸಿಕೊಂಡವರೂ ಇದ್ದಾರೆ. ಗ್ರಂಥಿ ಹೋಗುವುದಿಲ್ಲ, ಗಾಯ ಕೀವಾಗಿ ಕಲೆ ಉಳಿಯುತ್ತದೆ. ಆಮೇಲೆ ಆ ಕಲೆಯೇ ಹೊಸ ಚಿಂತೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಚೀಟಿಯಿಲ್ಲದೆ ಸಿಗುವ ಟ್ಯೂಬು. ಹುಡುಗ ತಗ್ಗಿದ ದನಿಯಲ್ಲಿ “ಅಲ್ಲಿ ಗುಳ್ಳೆ” ಎನ್ನುತ್ತಾನೆ, ಅಂಗಡಿಯವನು ಒಂದು ಟ್ಯೂಬು ಕೊಡುತ್ತಾನೆ. ತಿರುಗಿಸಿ ಸಣ್ಣ ಅಕ್ಷರ ಓದಿ: ಕ್ಲೊಬೆಟಸಾಲ್ ಎಂಬ ಅತಿ ಬಲವಾದ ಸ್ಟೀರಾಯ್ಡ್, ಜತೆಗೆ ಒಂದು ಬ್ಯಾಕ್ಟೀರಿಯಾ ಔಷಧಿ, ಒಂದು ಶಿಲೀಂಧ್ರದ ಔಷಧಿ, ಎಲ್ಲ ಒಂದೇ ಕೊಳವೆಯಲ್ಲಿ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು ಮೈಯ ಬೇರೆ ಬೇರೆ ಜಾಗದ ಚರ್ಮಕ್ಕೆ ಹೈಡ್ರೊಕಾರ್ಟಿಸೋನ್ ಹಚ್ಚಿ ಎಷ್ಟು ಒಳಗೆ ಇಳಿಯುತ್ತದೆ ಎಂದು ಅಳೆದರು. ಮುಂಗೈಯಲ್ಲಿ ಇಳಿದದ್ದನ್ನು ಒಂದು ಎಂದಿಟ್ಟುಕೊಂಡರೆ ವೃಷಣ ಚೀಲದಲ್ಲಿ ಇಳಿದದ್ದು ನಲವತ್ತೆರಡು ಪಟ್ಟು. ಅಂಥ ಜಾಗಕ್ಕೆ ತಿಂಗಳುಗಟ್ಟಲೆ ಈ ಮುಲಾಮು ಹಚ್ಚಿದರೆ ಚರ್ಮ ತೆಳುವಾಗಿ ಕೆಂಪಗೆ ಉರಿಯುತ್ತದೆ, ತೊಡೆಸಂದಿಯಲ್ಲಿ ಬಿರುಕಿನಂಥ ಗೆರೆಗಳು ಬೀಳುತ್ತವೆ, ಹುಳುಕಡ್ಡಿ ಇದ್ದರೆ ಹಬ್ಬುತ್ತದೆ. ಮುಲಾಮು ನಿಲ್ಲಿಸಿದರೆ ಉರಿ, ಹಚ್ಚಿದರೆ ಆರಾಮ. ಬಿಡಿಸಲು ನಮಗೆ ತಿಂಗಳುಗಳೇ ಬೇಕು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಪಟ್ಟಿಗೆ ಸೇರಿಸಿತು. ಕೌಂಟರಿನ ರೂಢಿ ಇನ್ನೂ ಆ ಪಟ್ಟಿಗೆ ಹೊಂದಿಕೊಂಡಿಲ್ಲ.

ವೈದ್ಯ ಮಿತ್ರರಿಗೂ ಒಂದು ಮಾತು. ಬಟ್ಟೆ ಸರಿಸಿ ನೋಡದೆ ಮುಲಾಮು ಬರೆಯುವುದನ್ನು ನಾವು ನಿಲ್ಲಿಸಬೇಕು. ಲೈಂಗಿಕ ರೋಗಗಳಿಗೆಂದು ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಣ್ಣಬಣ್ಣದ ಏಳು ಔಷಧಿ ಕಿಟ್‌ಗಳನ್ನು ರೂಪಿಸಿದರು: ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು. ಸ್ರಾವಕ್ಕೊಂದು, ಹುಣ್ಣಿಗೊಂದು, ತೊಡೆಸಂದಿಯ ಗಂಟಿಗೊಂದು. ಮುತ್ತುಗುಳ್ಳೆಗೆ ಕಿಟ್ ಇಲ್ಲ, ಏಕೆಂದರೆ ಅದಕ್ಕೆ ಬೇಕಾದದ್ದು ಮಾತು. “ಏನಿಲ್ಲ ಹೋಗು” ಎಂದು ತಲೆಯೆತ್ತದೆ ಹೇಳಿದರೆ ಅದು ಮಾತಾಗುವುದಿಲ್ಲ; ರೋಗಿ ನೇರ ಲಾಡ್ಜಿನ ರೂಮಿಗೆ ಹೋಗುತ್ತಾನೆ. ಇದರ ಹೆಸರು ಇದು, ಇಷ್ಟು ಜನರಿಗೆ ಇರುತ್ತದೆ, ಅಂಟುವುದಿಲ್ಲ, ಮದುವೆಗೆ ಮಕ್ಕಳಿಗೆ ಅಡ್ಡಿಯಿಲ್ಲ ಎಂದು ಎರಡು ನಿಮಿಷ ಕೂತು ಹೇಳಿದರೆ ಬಹಳ ಜನ ಅಲ್ಲಿಗೇ ಗುಣವಾಗುತ್ತಾರೆ. ನೋಡಲು ಬೇಸರವೆಂದು ಮುತ್ತುಗುಳ್ಳೆಯನ್ನು ಲೇಸರಿನಿಂದ ತೆಗೆಸಿಕೊಳ್ಳುವವರೂ ಇದ್ದಾರೆ. ಅದು ಸೌಂದರ್ಯದ ಆಯ್ಕೆ. ಅದನ್ನು ಚಿಕಿತ್ಸೆಯೆಂದು ಮಾರಬಾರದು.

ಚಿಂತೆಯೇ ಕಾಯಿಲೆಯಾದಾಗ

ಕೆಲವರಿಗೆ ಎರಡು ನಿಮಿಷದ ಮಾತು ಸಾಲುವುದಿಲ್ಲ. ಅವರ ಫೋನಿನಲ್ಲಿ ಒಂದು ಗುಟ್ಟಿನ ಫೋಲ್ಡರ್ ಇರುತ್ತದೆ. ಅದೇ ಜಾಗದ ಫೋಟೋಗಳು, ದಿನಾಂಕದ ಪ್ರಕಾರ. ಹೋದ ತಿಂಗಳಿನದಕ್ಕೂ ಈ ತಿಂಗಳಿನದಕ್ಕೂ ಹೋಲಿಸಿ, “ಇಲ್ಲಿ ನೋಡಿ, ಒಂದು ಹೆಚ್ಚಾಗಿದೆ” ಎನ್ನುತ್ತಾರೆ. ಟಾರ್ಚ್ ಬೆಳಕಿನಲ್ಲಿ, ಕ್ಯಾಮೆರಾ ಹತ್ತಿರ ಹಿಡಿದು ತೆಗೆದ ಚಿತ್ರದಲ್ಲಿ ಯಾರ ಚರ್ಮವೂ ಭಯಂಕರವಾಗಿಯೇ ಕಾಣುತ್ತದೆ. ಒಬ್ಬ ವೈದ್ಯರು ಏನಿಲ್ಲ ಎಂದರೆ ಎರಡು ದಿನ ಸಮಾಧಾನ, ಮೂರನೆಯ ದಿನ ಅವರು ಸರಿಯಾಗಿ ನೋಡಲಿಲ್ಲವೇನೋ ಎಂಬ ಅನುಮಾನ, ಇನ್ನೊಬ್ಬ ವೈದ್ಯರು, ಇನ್ನೊಂದು ರಕ್ತಪರೀಕ್ಷೆ. ಎಲ್ಲ ವರದಿ ನೆಗೆಟಿವ್ ಬಂದರೆ ಲ್ಯಾಬನ್ನೇ ಸಂಶಯಿಸುತ್ತಾರೆ. ಮದುವೆ ಮಾತು ಬಂದರೆ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ.

ಇದು ಹಟವಲ್ಲ, ನಾಟಕವೂ ಅಲ್ಲ. ಮನೋವೈದ್ಯರು ಇದನ್ನು ಆರೋಗ್ಯದ ಆತಂಕ, ಗೀಳು, ದೇಹರೂಪದ ಬಗೆಗಿನ ಅತಿಚಿಂತೆ ಎಂದೆಲ್ಲ ವಿಂಗಡಿಸುತ್ತಾರೆ. ಕೆಲವರಲ್ಲಿ ಕೆಳಗೆ ಖಿನ್ನತೆ ಇರುತ್ತದೆ. ಮತ್ತೆ ಮತ್ತೆ ನೋಡಿಕೊಳ್ಳುವುದು, ಮತ್ತೆ ಮತ್ತೆ ಧೈರ್ಯ ಕೇಳುವುದು ಆತಂಕಕ್ಕೆ ಆ ಕ್ಷಣದ ಆರಾಮ ಕೊಟ್ಟು ಮುಂದೆ ಅದನ್ನು ಬಲಪಡಿಸುತ್ತದೆ. ಆದ್ದರಿಂದ ಪರೀಕ್ಷೆ ಒಮ್ಮೆ ಸರಿಯಾಗಿ ಮುಗಿದ ಮೇಲೆ ಫೋಟೋಗಳನ್ನು ಅಳಿಸುವುದು, ಟಾರ್ಚ್ ಆರಿಸುವುದು, ಹುಡುಕಾಟ ನಿಲ್ಲಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ. ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಸಿಬಿಟಿ ಎಂಬ ಆಪ್ತಸಮಾಲೋಚನಾ ವಿಧಾನ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ; ಬೇಕಾದವರಿಗೆ ಮಾತ್ರೆಗಳೂ ಇವೆ. ಚರ್ಮವೈದ್ಯ ಮನೋವೈದ್ಯರ ಹತ್ತಿರ ಕಳಿಸಿದರೆ ನಿಮಗೆ ಹುಚ್ಚು ಎಂದು ಹೇಳಿದಂತಲ್ಲ. ನೋವು ಎಲ್ಲಿದೆಯೋ ಅಲ್ಲಿಗೆ ಕಳಿಸಿದ್ದಾರೆ ಎಂದು ತಿಳಿಯಿರಿ.

ಎಲ್ಲಿಗೆ ಹೋಗಬೇಕು

ನಮ್ಮ ದೇಶದಲ್ಲಿ ಚರ್ಮರೋಗ, ಲೈಂಗಿಕ ರೋಗ, ಕುಷ್ಠರೋಗ ಮೂರೂ ಒಂದೇ ವಿಭಾಗದ ವಿಷಯಗಳು. ಜಿಲ್ಲಾಸ್ಪತ್ರೆಯಲ್ಲಿ ಆ ಬೋರ್ಡಿನ ಕೆಳಗೆ ಕೂರಲು ಹಿಂಜರಿದು, ಎದುರಿನ ಬೇರೆ ವಿಭಾಗದ ಬೆಂಚಿನ ಮೇಲೆ ಕುಳಿತು, ತನ್ನ ಸರದಿ ಬಂದಾಗ ಓಡಿ ಬರುವವರನ್ನು ನಾನು ದಿನವೂ ನೋಡುತ್ತೇನೆ. ಆ ಬೋರ್ಡಿನ ಕೆಳಗೆ ಕೂತವರಲ್ಲಿ ಮೊಡವೆಯವರು, ಬಿಳಿಮಚ್ಚೆಯವರು, ಕೂದಲು ಉದುರುವವರು ಎಲ್ಲರೂ ಇದ್ದಾರೆ. ನೀವು ಯಾವುದಕ್ಕೆ ಬಂದಿದ್ದೀರಿ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ಆರೋಗ್ಯದ ಪರೀಕ್ಷೆ, ಔಷಧಿ ಉಚಿತ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್‌ಗಳಿವೆ. ಎಚ್‌ಐವಿ ಪರೀಕ್ಷೆ ಮಾಡಲು ನಿಮ್ಮ ಒಪ್ಪಿಗೆ ಬೇಕು ಮತ್ತು ಫಲಿತಾಂಶವನ್ನು ಗುಟ್ಟಾಗಿ ಇಡಬೇಕು ಎಂದು 2017ರ ಕಾಯಿದೆಯೇ ಹೇಳುತ್ತದೆ. 1097ಕ್ಕೆ ಉಚಿತವಾಗಿ ಕರೆ ಮಾಡಿ ಎಚ್‌ಐವಿ ಮತ್ತು ಲೈಂಗಿಕ ಸೋಂಕುಗಳ ಬಗ್ಗೆ ಕೇಳಬಹುದು. ಚಿಂತೆ ನಿದ್ದೆಗೆಡಿಸುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಹೆಣ್ಣುಮಕ್ಕಳು ಮಹಿಳಾ ವೈದ್ಯರೇ ಬೇಕೆಂದು ಕೇಳಬಹುದು. ಪುರುಷ ವೈದ್ಯರು ನೋಡುವಾಗ ನರ್ಸ್ ಜತೆಯಲ್ಲಿರಲಿ ಎಂದು ಕೇಳುವುದು ನಿಮ್ಮ ಹಕ್ಕು, ಉಪಕಾರವಲ್ಲ.

ತಂದೆತಾಯಂದಿರಲ್ಲಿ ನನ್ನ ವಿನಂತಿ ಇದು. ಮಗ ಅಥವಾ ಮಗಳು “ಅಲ್ಲಿ ಏನೋ ಆಗಿದೆ” ಎಂದು ಹೇಳುವ ಧೈರ್ಯ ಮಾಡಿದ ದಿನ, “ಏನು ಮಾಡಿಕೊಂಡೆ?” ಎಂದು ಕೇಳಬೇಡಿ. “ನಾಳೆ ಡಾಕ್ಟರ ಹತ್ತಿರ ಹೋಗೋಣ” ಎನ್ನಿ. ಅಧ್ಯಾಪಕರು ಜೀವಶಾಸ್ತ್ರದ ಆ ಅಧ್ಯಾಯವನ್ನು “ಮನೆಯಲ್ಲಿ ಓದಿಕೊಳ್ಳಿ” ಎಂದು ದಾಟಿಸದೆ ತರಗತಿಯಲ್ಲೇ ಪಾಠ ಮಾಡಲಿ. ಇನ್ನು ಹಿಂದಿನ ಸಾಲುಗಳಲ್ಲಿ ಕುಳಿತಿರುವ ವಿದ್ಯಾರ್ಥಿ ಗೆಳೆಯರೇ, ಗೆಳತಿಯರೇ, ಹಚ್ಚುವ ಮುಂಚೆ ತೋರಿಸಿ. ತೋರಿಸಿದ ಮೇಲೆ ಏನಿಲ್ಲವೆಂದು ಗೊತ್ತಾದರೆ ನಂಬಿ, ನಿಮ್ಮ ಓದು ಕೆಲಸಕ್ಕೆ ಮರಳಿ. ಏನಾದರೂ ಇದ್ದರೆ ಅದಕ್ಕೆ ಔಷಧಿಯಿದೆ. ಎರಡರಲ್ಲಿ ಯಾವುದಾದರೂ ಸರಿ, ಎರಡು ವರ್ಷ ಒಬ್ಬರೇ ಹೆದರಿಕೊಂಡು ಕೂರಬೇಕಾಗಿಲ್ಲ.